ಸುಮಕ್ಕನ ಮಾತು ಮುಗಿಯುವ ಮುನ್ನ

ಈಗ ಮದುವೆಗೆ ಕರೆಯುವುದೆಲ್ಲ ಫೋನಿನಲ್ಲೇ ಆಗಿಹೋಗುತ್ತದೆ. ಮೊನ್ನೆ ಮಾತ್ರ ನಮ್ಮ ಕಡೆಯ ಹಿರಿಯರೊಬ್ಬರು ಮನೆಗೇ ಬಂದು, ಮೂಲೆಗಳಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಕೊಟ್ಟು ಹೋದರು. ಅವರು ಮೆಟ್ಟಿಲಿಳಿದ ಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದೆ. ಹೊಸ ರಟ್ಟು, ಅಂಟು, ಮಸಿ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆ ಸಂಜೆ ಹೊತ್ತು ಇದೇ ವಾಸನೆಯಿಂದ ತುಂಬಿರುತ್ತಿತ್ತು. ದೊಡ್ಡಪ್ಪ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಕತ್ತರಿಸಿ ಉಳಿದ ಗುಲಾಬಿ, ಹಳದಿ ರಟ್ಟಿನ ಚೂರುಗಳನ್ನು ಚೀಲದಲ್ಲಿ ತಂದು ಕೆಂಪು ಗಾರೆ ನೆಲದ ಮೇಲೆ ಸುರಿದರೆ, ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದ ಸುಮಕ್ಕ ಕೇಕೆ ಹಾಕುತ್ತಿದ್ದಳು.

ಸುಮಕ್ಕ ದೊಡ್ಡಪ್ಪನ ಒಬ್ಬಳೇ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಕೈಕಾಲು ಬಿಗಿದುಕೊಂಡಿದ್ದವು, ಮಾತು ಬರಲೇ ಇಲ್ಲ. ಎಡಗೈ ಮುಷ್ಟಿಯೊಂದನ್ನು ಮಾತ್ರ ಕಷ್ಟಪಟ್ಟು ಬೇಕಾದ ಕಡೆ ಸರಿಸುತ್ತಿದ್ದಳು. ಅವಳನ್ನು ನನ್ನ ಜೊತೆಗೇ ಶಾಲೆಗೆ ಸೇರಿಸಿದರು. ದೊಡ್ಡಮ್ಮ ಸೊಂಟದ ಮೇಲೆ ಎತ್ತಿಕೊಂಡು ಎರಡು ಬೀದಿ ದಾಟಿ ಬಿಟ್ಟುಬರುತ್ತಿದ್ದರು. ಮೂರನೇ ತರಗತಿಯವರೆಗೂ ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದವರು ವನಜಾಕ್ಷಿ ಮಿಸ್. ಒಂದು ದಿನ ದೊಡ್ಡಪ್ಪನನ್ನು ಕರೆಸಿ, "ಇವಳಿಗೆ ಎಲ್ಲಾ ಅರ್ಥ ಆಗತ್ತೆ ಸಾರ್. ಹೇಳೋಕೆ ದಾರಿ ಇಲ್ಲ, ಅಷ್ಟೇ. ನಿಮ್ಮ ಅಂಗಡಿಯಿಂದ ಗಟ್ಟಿ ರಟ್ಟು ತಂದ್ಕೊಡಿ" ಎಂದರು. ಮೊದಲು ಅದರ ಮೇಲೆ ಚಿತ್ರಗಳನ್ನು ಅಂಟಿಸಿದರು: ನೀರು, ಊಟ, ಬಚ್ಚಲು, ಅಮ್ಮ. ಸುಮಕ್ಕ ಒಮ್ಮೆ ನೋಡಿ ಮುಖ ತಿರುಗಿಸಿದಳು. ಆಮೇಲೆ ಮಿಸ್ ವರ್ಣಮಾಲೆ ಬರೆದು, ಕೆಳಗೆ ಸಾಲಾಗಿ ಕಾಗುಣಿತದ ಗುರುತುಗಳನ್ನು ಹಾಕಿ, ಮುಷ್ಟಿಯಿಂದ ಒಂದೊಂದೇ ಅಕ್ಷರ ಮುಟ್ಟಿ ಮಾತು ಜೋಡಿಸುವುದನ್ನು ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಕಲಿಸಿದರು. ಅವಳು ಮನೆಯಲ್ಲಿ ತಾನಾಗಿ ಹೇಳಿದ ಮೊದಲ ಮಾತು 'ಬೇಡ'. ದೊಡ್ಡಮ್ಮ ಹಾಲಿನ ಲೋಟ ಹಿಡಿದು ನಿಂತಿದ್ದರು. "ಹುಟ್ಟಿದಾಗಿಂದ ಕುಡಿಸ್ತಿದೀನಲ್ಲೇ, ಇಷ್ಟ ಇರ್ಲಿಲ್ವಾ ನಿಂಗೆ!" ಎಂದು ನಗಲು ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮಿಸ್ ತರಗತಿಗೆ ಒಂದೇ ಕಟ್ಟುಪಾಡು ಹಾಕಿದ್ದರು. "ಸುಮ ಹೇಳಿ ಮುಗಿಸೋವರೆಗೂ ಯಾರೂ ಬಾಯಿ ಬಿಡಬಾರದು. ಅವಳ ಮಾತನ್ನ ಯಾರೂ ಮುಗಿಸಬಾರದು." ಒಂದು ಉತ್ತರಕ್ಕೆ ಐದು ನಿಮಿಷ ಹಿಡಿಯುತ್ತಿತ್ತು. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ಆ ಮುಷ್ಟಿಯನ್ನೇ ನೋಡುತ್ತಿದ್ದೆವು. ಆದರೆ ನಾವು ಆರನೇ ತರಗತಿಗೆ ಬಂದಾಗ ಮಿಸ್‌ಗೆ ವರ್ಗವಾಯಿತು. ಹೊಸದಾಗಿ ಬಂದವರು ಕೆಟ್ಟವರೇನಲ್ಲ, ಪಾಠ ಮುಗಿಸುವ ಅವಸರ ಅವರದು. "ಲತಾ, ಅವಳು ಏನಂತಿದಾಳೆ, ನೀನೇ ಹೇಳ್ಬಿಡು" ಎನ್ನತೊಡಗಿದರು. ನಾನು ಹೇಳತೊಡಗಿದೆ. ಮೊದಲ ಅಕ್ಷರ ಮುಟ್ಟಿದೊಡನೆ ಮಾತನ್ನು ಊಹಿಸುವುದು ರೂಢಿಯಾಯಿತು. ಬಹಳ ಸಲ ಸರಿಯಾಗಿರುತ್ತಿತ್ತು, ಶಾಭಾಸ್ ಎನ್ನಿಸಿಕೊಳ್ಳುತ್ತಿದ್ದೆ. ತಪ್ಪಾದಾಗ ಸುಮಕ್ಕ ನನ್ನನ್ನೇ ದಿಟ್ಟಿಸುತ್ತಿದ್ದಳು. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು.

ಏಳನೇ ತರಗತಿಯ ಕೊನೆಯಲ್ಲಿ ಹೆಡ್ ಮೇಡಂ ನಮ್ಮಿಬ್ಬರನ್ನು ಕರೆಸಿದರು. ಹೈಸ್ಕೂಲು ಮಹಡಿಯ ಮೇಲಿತ್ತು. "ಮುಂದಕ್ಕೆ ಓದ್ತೀಯೇನಮ್ಮ? ಮೆಟ್ಟಿಲು ಹತ್ತಿಸೋದು, ಇಳಿಸೋದು, ಎಲ್ಲಾ ಕಷ್ಟ ಆಗತ್ತೆ ನೋಡು" ಎಂದರು. ಸುಮಕ್ಕನ ಮುಷ್ಟಿ 'ಬ' ಅಕ್ಷರಕ್ಕೆ ಬಂತು. ಹೊರಗೆ ಗೆಳತಿಯರು ನನಗಾಗಿ ಕಾಯುತ್ತಿದ್ದರು. "ಬೇಡ ಅಂತಿದಾಳೆ ಮೇಡಂ" ಎಂದುಬಿಟ್ಟೆ. ಅವರು ಆಗಲೇ ಕಾಗದದ ಮೇಲೆ ಏನೋ ಬರೆಯತೊಡಗಿದ್ದರು. ಸುಮಕ್ಕ ನಿಲ್ಲಿಸಲಿಲ್ಲ. ಮುಷ್ಟಿ ನಿಧಾನವಾಗಿ 'ರ'ಗೆ ಸರಿಯಿತು, ಅಲ್ಲಿಂದ 'ತ'ಗೆ. ಬರ್ತೀನಿ ಎಂದು ಪೂರ್ತಿ ಹೇಳಿದಳು. ಅದನ್ನು ನೋಡಿದವಳು ನಾನೊಬ್ಬಳೇ. ಮೇಡಂ ಅವರನ್ನು ತಡೆಯಬಹುದಿತ್ತು. ತಡೆಯಲಿಲ್ಲ. ತಪ್ಪು ಒಪ್ಪಿಕೊಳ್ಳುವ ಭಯ ಒಂದು. ಇನ್ನೊಂದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು: ಹೈಸ್ಕೂಲಿಗೆ ಒಬ್ಬಳೇ ಹೋಗಬೇಕೆಂಬ ಆಸೆ ನನಗಿತ್ತು.

ಅಂದು ಸಂಜೆ ದೊಡ್ಡಪ್ಪ, "ಸ್ಕೂಲ್ ಬೇಡ ಅಂದ್ಯಂತೆ, ನಿಜಾನಾ ಮಗಳೇ?" ಎಂದು ರಟ್ಟನ್ನು ಅವಳ ಮುಂದೆ ಹಿಡಿದರು. ಸುಮಕ್ಕ ಕೈ ಎತ್ತಲಿಲ್ಲ. ನನ್ನನ್ನು ನೋಡಿದಳು, ನಾನು ತಲೆ ತಗ್ಗಿಸಿದೆ. ಅವಳ ಮಾತಿಗೆ ಆ ಮನೆಯಲ್ಲಿ ದೊಡ್ಡಪ್ಪನಷ್ಟು ಬೆಲೆ ಕೊಟ್ಟವರಿಲ್ಲ. ಅದಕ್ಕೇ ಅವರು ಒತ್ತಾಯ ಮಾಡಲಿಲ್ಲ. "ಅವಳು ಹೇಳಿದ ಹಾಗೇ ಆಗ್ಲಿ ಬಿಡು" ಎಂದು ದೊಡ್ಡಮ್ಮನಿಗೆ ಹೇಳಿ ಎದ್ದುಹೋದರು.

ಮೂರು ವರ್ಷ ನಾನು ಚೀಲ ಹೆಗಲಿಗೇರಿಸಿ ಹೊರಡುವಾಗ ಸುಮಕ್ಕ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಅವಳ ಮುಂದೆ ಕೂತು, "ಅವತ್ತು ನೀನು ಬರ್ತೀನಿ ಅಂದಿದ್ದೆ. ನಾನು ನೋಡಿದ್ದೆ ಕಣೇ ಅಕ್ಕ" ಎಂದೆ. ಅವಳು ರಟ್ಟಿನ ಮೇಲೆ 'ಗೊತ್ತು' ಎಂದಳು. ಆಮೇಲೆ ನನ್ನ ಹಳೆಯ ಪುಸ್ತಕಗಳ ಕಡೆ ಕಣ್ಣು ಹೊರಳಿಸಿ, 'ಓದು' ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನು ಎಂಟನೇ ತರಗತಿಯ ಮೊದಲ ಪಾಠದಿಂದ ಓದಲು ಶುರುಮಾಡಿದೆ. ಕಾಲೇಜು ಸೇರಿದ ಮೇಲೂ ದಿನಾ ಸಂಜೆ ಓದಿದೆ. ನಡುನಡುವೆ ತಡೆದು ಪ್ರಶ್ನೆ ಕೇಳುತ್ತಿದ್ದಳು, ಅರ್ಧಕ್ಕರ್ಧ ನನಗೆ ಬರುತ್ತಿರಲಿಲ್ಲ. ನದಿಗಳ ಪಾಠ ಓದಿದ ದಿನ ಕೇಳಿದಳು: ನಮ್ಮ ಮೋರಿ ನೀರು ಎಲ್ಲಿಗೆ ಹೋಗುತ್ತೆ?

ಮಾರನೆಯ ದಿನ ಕಾಲೇಜಿನಲ್ಲಿ ಮೇಷ್ಟರನ್ನು ಕೇಳಿ ತಿಳಿದುಕೊಂಡು ಓಡಿಬಂದೆ. ಬಾಗಿಲಿಗೆ ಬೀಗ. ಎದುರುಮನೆ ರಜಿಯಾ ಆಂಟಿ, "ಸುಮಂಗೆ ಉಸಿರಾಡೋಕೇ ಆಗ್ತಿರ್ಲಿಲ್ಲಮ್ಮ, ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡೋದ್ರು" ಎಂದರು. ಎದೆಯಲ್ಲಿ ಕಫ ಕಟ್ಟಿತ್ತು. ಎರಡನೆಯ ದಿನ ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಮೂಗು ಬಾಯಿಗೆ ಮಾಸ್ಕ್ ಹಾಕಿದ್ದರು, ಕಣ್ಣು ತೆರೆದಿದ್ದವು. ಬಗ್ಗಿ ಅವಳ ಕಿವಿಯಲ್ಲಿ, "ವೃಷಭಾವತಿಗೆ ಹೋಗತ್ತಂತೆ ಅಕ್ಕ, ಅಲ್ಲಿಂದ ಅರ್ಕಾವತಿಗೆ, ಆಮೇಲೆ ಕಾವೇರಿಗೆ" ಎಂದೆ. ಅವಳ ಎಡಗೈ ಹಾಸಿಗೆಯ ಮೇಲೆ ಸರಿಯಿತು. ಕೆಳಗೆ ಬರೀ ಬಿಳಿ ಬಟ್ಟೆ. ರಟ್ಟನ್ನು ತರಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಆದರೂ ಮುಷ್ಟಿ ಒಂದು ಕಡೆ ನಿಂತು, ಇನ್ನೊಂದು ಕಡೆಗೆ ಹೋಗಿ, ಮತ್ತೆ ನಿಂತಿತು. ನರ್ಸ್ ಟೈಮಾಯ್ತು ಎಂದರು. "ಒಂದು ನಿಮಿಷ ಸಿಸ್ಟರ್, ಅವಳು ಮಾತಾಡ್ತಿದಾಳೆ" ಎಂದೆ. ಆ ಕೈ ತಾನಾಗಿ ನಿಲ್ಲುವವರೆಗೂ ಕಾದೆ.

ಏನು ಹೇಳಿದಳೋ ತಿಳಿಯಲಿಲ್ಲ. ಬೆಳಗಿನ ಹೊತ್ತಿಗೆ ಸುಮಕ್ಕ ಇರಲಿಲ್ಲ.