ಕೆಳಗಿಂದ ನುಗ್ಗಿದ ಮರಳು

ಮಹಾನಂದಾ ಬರುತ್ತಾಳೆಂದರೆ ನನಗೆ ಮೊದಲು ಹೆದರಿಕೆ, ಆಮೇಲೆ ಸಂತೋಷ. ಸಾರವಾಡದ ಕುರಿ ಕಾಯುವ ಅಮೋಘಿಯ ಮಗಳು ಅವಳು. ವಿಜಯಪುರದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಪ್ರಯೋಗಾಲಯದ ಒಂದು ಕಲ್ಲಿಗೆ ತಪ್ಪು ಹೆಸರಿನ ಚೀಟಿ ಅಂಟಿಸಿದ್ದೀರಿ ಎಂದು ಸರ್‌ಗೆ ಹೇಳಿ ಮೂರು ದಿನ ತರಗತಿಯ ಹೊರಗೆ ನಿಂತಳು. ನಾಲ್ಕನೆಯ ದಿನ ಸರ್ ಚೀಟಿ ಬದಲಿಸಿದರು.

ಈಗ ಅವಳು ಬಂಗಾಳ ಕೊಲ್ಲಿಯಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್ಗಿನ ಮೇಲೆ ಭೂವಿಜ್ಞಾನಿ. ನಾಲ್ಕು ವಾರ ಸಮುದ್ರ, ನಾಲ್ಕು ವಾರ ಸಾರವಾಡ. ನಾನೋ, ಮಗಳನ್ನೆತ್ತಿಕೊಂಡು ಇಲ್ಲೇ ಹತ್ತಿರದ ತಿಕೋಟಾ ಬಸ್ಸು ಹತ್ತುವುದಕ್ಕೂ ಹತ್ತು ಸಲ ಯೋಚಿಸುವವಳು.

ಹೋದ ಶ್ರಾವಣದಲ್ಲಿ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದು ವಿಜಯಪುರದ ನಮ್ಮ ಮನೆಗೆ ಬಂದಳು. ಅವಳ ಊರಲ್ಲಿ ನೆಟ್ ಸರಿ ಇರಲಿಲ್ಲ. ಹನ್ನೊಂದಕ್ಕೆ ಅವಳ ಸಾಹೇಬರ ವಿಡಿಯೋ ಕರೆಯಿತ್ತು. ಬಾವಿಯಿಂದ ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ ಜೇಡಿಗಲ್ಲಿನ ಪದರುಗಳನ್ನು ಸೀಳಿಕೊಂಡು ಮರಳುಗಲ್ಲಿನ ಓರೆ ಪಟ್ಟಿಗಳು ಹಾಯ್ದಿದ್ದವು, ಎಣ್ಣೆಯ ವಾಸನೆಯೂ ಇತ್ತು. ಕೊರೆಯುವಾಗ ಕಲ್ಲು ಕದಡಿ ಹಾಗಾಗಿದೆ, ಬಾವಿ ಮುಚ್ಚೋಣ ಎಂದು ಸಾಹೇಬರು ವರದಿ ಬರೆದಿದ್ದರು. ಅದಕ್ಕೆ ಇವಳ ಸಹಿ ಬೇಕಿತ್ತು. ಇವಳು ಹೇಳುವುದೇ ಬೇರೆ: ಲಕ್ಷಾಂತರ ವರ್ಷಗಳ ಹಿಂದೆ ಕೆಳಗಿನ ಮರಳು ನೀರಿನ ಒತ್ತಡಕ್ಕೆ ಜೇಡಿಯನ್ನು ಹರಿದು ಮೇಲೆ ನುಗ್ಗಿದೆ, ಆ ಸೀಳುಗಳ ತುಂಬ ಎಣ್ಣೆ ನಿಂತಿರಬಹುದು, ಓರೆಯಾಗಿ ಇನ್ನೊಮ್ಮೆ ಕೊರೆದು ನೋಡಬೇಕು.

“ಒಂದು ಸಹಿ ಹಾಕಿ ಮುಗಿಸಬಾರದೇನವಾ? ನೌಕರಿ ಹೋದ್ರ ಏನ್ ಮಾಡ್ತಿ?” ಅಂದೆ.

“ಕುರಿ ಅದಾವಲ್ಲ, ರಾಜಿ. ಅವು ಸಹಿ ಕೇಳೂದಿಲ್ಲ.”

ಅಡಿಗೆಮನೆಯಲ್ಲಿ ಅತ್ತೆ ಗೌರಾಬಾಯಿ ಹೋಳಿಗೆ ಲಟ್ಟಿಸುತ್ತಿದ್ದರು. ಮಗಳ ಮೈ ಬಿಸಿಯಾಗಿದೆಯೇನೋ ಎಂದು ಮುಟ್ಟಿ ಮುಟ್ಟಿ ನೋಡುವ ಗಡಿಬಿಡಿಯಲ್ಲಿ ನಾನು ಬೇಳೆ ಸರಿಯಾಗಿ ಬಸಿದಿರಲಿಲ್ಲ, ಹೂರಣ ನೀರಾಗಿತ್ತು. ಲಟ್ಟಣಿಗೆ ಒತ್ತಿದ ಕೂಡಲೇ ಕಣಕ ಹರಿದು ಹೂರಣ ಮೇಲೆ ಉಕ್ಕಿತು.

“ಸಾಲಿ ಕಲ್ತ ಸೊಸಿ ನೋಡ್ರಿ, ಬ್ಯಾಳಿ ಬಸಿಯಾಕ ಬರೂದಿಲ್ಲ!”

ಮಹಾನಂದಾ ಬಗ್ಗಿ ನೋಡಿದಳು. ಕಣಕದ ಹರಿದ ಚೂರುಗಳು ಹೂರಣದೊಳಗೆ ಸಿಕ್ಕಿಕೊಂಡಿದ್ದವು.

“ಯವ್ವಾ, ಇದನ್ನ ಒಗೀಬ್ಯಾಡ್ರಿ. ನನ್ನ ಕಂಬದಾಗೂ ಜೇಡಿ ಚೂರು ಹಿಂಗ ಅದಾವ.”

ಕರೆ ಬಂದಾಗ ಆ ಹರಿದ ಹೋಳಿಗೆಯ ತಾಟನ್ನೇ ಕ್ಯಾಮೆರಾ ಮುಂದೆ ಹಿಡಿದಳು! ಸಾಹೇಬರು ನಕ್ಕು, ಅಡಿಗೆಮನೆ ವಿಜ್ಞಾನ ಬೇಡ ಎಂದರು. ಅವಳು ಫೋಟೋಗಳನ್ನು ತೋರಿಸಿದಳು: ಚೂರುಗಳ ಅಂಚು ಸವೆದಿಲ್ಲ, ಪಟ್ಟಿಯ ಮರಳಿಗೂ ತಳದ ಮರಳಿಗೂ ಒಂದೇ ಕಾಳು, ಅಂದರೆ ಅದು ಬಂದದ್ದು ಕೆಳಗಿಂದಲೇ. ಅವರ ನಗು ನಿಂತಿತು. ಸಂಜೆಯೊಳಗೆ ಸಹಿ ಬರದಿದ್ದರೆ ಮುಂದಿನ ಪಾಳಿಗೆ ನಿನ್ನ ಹೆಸರಿಲ್ಲ ಎಂದರು. ಕ್ಯಾಮೆರಾಕ್ಕೆ ಕಾಣದಂತೆ ನಾನು ಅವಳ ತೋಳು ಜಗ್ಗಿದೆ, ಹ್ಞೂಂ ಅಂದುಬಿಡಲಿ ಎಂದು. ಅವಳು ನನ್ನ ಕೈ ಸರಿಸಿದಳು. ನನ್ನ ಮಾತು ಬರೆದು ಅದರ ಕೆಳಗೆ ಸಹಿ ಹಾಕುತ್ತೇನೆ, ನಿಮ್ಮದರ ಕೆಳಗಲ್ಲ ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು.

“ಏನಂತಾನವ್ವಾ ಅವ?” ಅತ್ತೆ ಕೇಳಿದರು.

“ಹೂರಣ ಕೆಳಗಿಂದ ಬಂದಿಲ್ಲ, ಲಟ್ಟಣಿಗಿ ತಾಗಿ ಗೀರು ಬಿದ್ದೈತಿ ಅಂತಾನ್ರಿ.”

“ಪಾಪ, ಅವಗ ಯಾರೂ ಹೋಳಿಗಿ ಮಾಡಿ ತೋರ್ಸಿಲ್ಲ ಬಿಡು.”

ಅವಳು ಬರೆದದ್ದು ಒಂದೇ ಪುಟ. ಸೊಲ್ಲಾಪುರ ರಸ್ತೆಯ ಅರ್ಬಾಜನ ಝೆರಾಕ್ಸ್ ಅಂಗಡಿಗೆ, ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಾನೂ ಹೋದೆ. ಪುಟ ಸ್ಕ್ಯಾನ್ ಆಗಿ ಸಾಹೇಬರಿಗೆ ಹೋಗುವ ಮೊದಲು, ಇನ್ನೊಮ್ಮೆ ಯೋಚಿಸು ಅಂದೆ. ಅವಳು ಅರ್ಬಾಜನಿಗೆ, ಕಳಿಸು ಅಂದಳು.

ಹೇಳಿದಂತೆಯೇ ಮುಂದಿನ ಪಾಳಿಯಲ್ಲಿ ಅವಳ ಹೆಸರಿರಲಿಲ್ಲ. ಶಿಕ್ಷೆಯೆಂದು ಕಂಪನಿಯ ಉಗ್ರಾಣಕ್ಕೆ ಹಾಕಿದರು. ನನಗೆ ಎರಡು ದಿನ ಊಟ ಸೇರಲಿಲ್ಲ. ಫೋನ್ ಮಾಡಿದರೆ ಅವಳು ನಗುತ್ತಿದ್ದಳು.

“ಇವರು ಹುಚ್ಚರದಾರ, ರಾಜಿ. ಕೊರದ ಕಲ್ಲೆಲ್ಲಾ ಇಡೂದು ಇದ ಉಗ್ರಾಣದಾಗ. ನನ್ನ ಕಂಬ ಪೂರಾ ಇಲ್ಲೇ ಐತಿ, ನಲವತ್ತೊಂದು ಪೆಟ್ಟಿಗಿ. ಕೀಲಿ ನನ್ನ ಕೈಯಾಗ ಐತಿ. ಹದಿನೇಳು ಅಳದೇನಿ. ಫೋನ್ ಇಡ್ಲೇನು? ಹದಿನೆಂಟನೇದು ತೆಗೀಬೇಕು.”