ಬಾವಿ ಕಡೆಯ ಕೆಂಪು ಗುರುತು

ದೆವ್ವ, ಗಾಳಿ ಅಂತ ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಆಸಾಮಿ ನಾನು. ಸರ್ವೇ ಕೆಲಸದವನಿಗೆ ಅಳತೆಗೆ ಸಿಗದ್ದು ಯಾವುದೂ ಇಲ್ಲ ಎಂಬ ಜಂಬ ಬೇರೆ. ಮನುಷ್ಯರನ್ನೂ ಸುಲಭಕ್ಕೆ ನಂಬುವವನಲ್ಲ. ಹಾಲು ಉಕ್ಕಿತು ಎಂದರೂ ಹೋಗಿ ನೋಡಿಯೇ ಬರುವ ಪೈಕಿ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದ ಕಡೆಗೆ ನಾಲೆಯ ಸುರಂಗ ಕೊರೆಯುತ್ತಿದ್ದೆವು. ಬಂಡೆಯಲ್ಲಿ ಎಲ್ಲೆಲ್ಲಿ ತೂತು ಹಾಕಿ ಮದ್ದು ತುಂಬಬೇಕೋ ಅಲ್ಲೆಲ್ಲ ಕೆಂಪು ಗುರುತು ಹಾಕಿಸುವುದು ನನ್ನ ಕೆಲಸ. ನಾನು ಹಿಂದೆ ನಿಂತು ಯಂತ್ರದಿಂದ ಲೇಸರ್ ಚುಕ್ಕಿ ಬಿಡುತ್ತಿದ್ದೆ, ಅದರ ಮೇಲೆ ನನ್ನ ಸಹಾಯಕ ಜವರೇಗೌಡ ಬ್ರಷ್ ಇಡುತ್ತಿದ್ದ. ಬಣ್ಣ ನಾನು ಮುಟ್ಟುತ್ತಲೇ ಇರಲಿಲ್ಲ.

ಎಡಗಡೆಯ ಬಂಡೆಯಾಚೆ ಜವರೇಗೌಡನ ಊರಿನ ಬಾವಿ. ಊರಿಗೆ ಸಿಹಿನೀರು ಅಂತ ಇದ್ದದ್ದು ಅದೊಂದೇ. ಆ ಕಡೆ ಬಂಡೆ ಬೇಕಾದ್ದಕ್ಕಿಂತ ಹೆಚ್ಚು ಒಡೆದರೆ ನೀರೆಲ್ಲ ಸುರಂಗಕ್ಕೆ ಇಳಿದುಹೋಗುತ್ತದೆ ಎಂದು ಊರವರಿಗೆ ದಿಗಿಲು.

ಅಲ್ಲಿಗೆ ಬಂದ ಮೇಲೆ ಶುರುವಾಯಿತು. ಹಾಕಿಸಿದ ಗುರುತು, ಕೊರೆಯಲು ಹೋಗುವಷ್ಟರಲ್ಲಿ, ಎಡಗಡೆ ಮಾತ್ರ ಒಂದು ಗೇಣು ಒಳಕ್ಕೆ, ಬಾವಿಯಿಂದ ದೂರಕ್ಕೆ, ಸರಿದಿರುತ್ತಿತ್ತು. ನಾನು ಅಳಿಸಲು ಹೇಳಿ ಮತ್ತೆ ಹಾಕಿಸುತ್ತಿದ್ದೆ. ಇನ್ಯಾರು ಮಾಡುತ್ತಾರೆ? ಜವರೇಗೌಡನನ್ನು ಕೇಳಿಯೇಬಿಟ್ಟೆ.

“ಬಾವಿ ನಮ್ದೇ ಸಾ, ಇಲ್ಲ ಅನ್ನಕಿಲ್ಲ. ಅಂಗಂತ ನಿಮ್ ಗುರುತು ಅಳಿಸಾಕಾಯ್ತದಾ?” ಅಂದ.

ನಾನು ನಂಬಲಿಲ್ಲ. ಮರುದಿನ ಮಧ್ಯಾಹ್ನ ಗುರುತು ಹಾಕಿಸಿ, ಎಲ್ಲರನ್ನೂ ಟೀಗೆ ಕಳಿಸಿ, ಬಂಡೆಯ ಎದುರಿಗೇ ಒಬ್ಬನೇ ಕುಳಿತೆ. ಬರಲಿ ನೋಡೋಣ ಅಂತ. ಅಷ್ಟರಲ್ಲಿ ಕರೆಂಟು ಹೋಯಿತು. ಕಣ್ಣಿಗೆ ಏನೂ ಕಾಣದು, ಹೆಜ್ಜೆಯ ಸದ್ದೂ ಇಲ್ಲ. ಕೂತಲ್ಲಿಂದ ನಾನು ಏಳಲಿಲ್ಲ, ಇದು ನನಗೆ ನೆನಪಿದೆ. ದೀಪ ಬಂದಾಗ ಎಡಗಡೆಯ ಗುರುತುಗಳು ಒಳಕ್ಕೆ ಸರಿದಿದ್ದವು. ಯಂತ್ರ ಅಲ್ಲಾಡಿರಲಿಲ್ಲ. ಮತ್ತೆ ಬಿಟ್ಟು ನೋಡಿದರೆ ಲೇಸರ್ ಚುಕ್ಕಿ ಬರಿಯ ಕಲ್ಲಿನ ಮೇಲೆ ಬಿತ್ತು, ಬಣ್ಣ ಗೇಣು ಈಚೆಗಿತ್ತು.

ಹೆದರಿಕೆಯಾಯಿತು. ಹೊರಗೆ ಓಡಿದರೆ ಜವರೇಗೌಡ ಎಲ್ಲರ ನಡುವೆ ಕೂತು ಟೀ ಕುಡಿಯುತ್ತಿದ್ದ. ಗುರುತು ಅಳಿಸಿ ಎನ್ನಲು ಬಾಯಿ ತೆರೆದವನು, “ಇರೋದರ ಮೇಲೇ ಕೊರೀರಿ” ಅಂದುಬಿಟ್ಟೆ. ಯಾಕೆ ಅಂದೆನೋ ಇವತ್ತಿಗೂ ಗೊತ್ತಿಲ್ಲ.

ಮದ್ದು ಸಿಡಿದು ಹೊಗೆ ಹೋದ ಮೇಲೆ ಅಳೆದೆ. ಎಡಗಡೆಯ ಬಂಡೆ ಒಳಗೊಳಗೇ ಸೀಳಿತ್ತು. ನಾವು ಬಿಟ್ಟ ಒಂದು ಗೇಣು ತಾನಾಗಿಯೇ ಉದುರಿ, ಸರಿಯಾಗಿ ನನ್ನ ಮೊದಲ ಗೆರೆಗೆ ಬಂದು ನಿಂತಿತ್ತು. ಅದರಾಚೆ ಕಲ್ಲು ಜಿನುಗುತ್ತಿತ್ತು. ನನ್ನ ಲೆಕ್ಕದಂತೆ ಕೊರೆದಿದ್ದರೆ ಇನ್ನೂ ಒಂದು ಗೇಣು ಉದುರಿ, ಆ ಬಾವಿ ಉಳಿಯುತ್ತಿರಲಿಲ್ಲ.

ಸಂಜೆ ಕೈ ತೊಳೆಯಲು ಜವರೇಗೌಡ ಚೊಂಬಿನಿಂದ ನೀರು ಹಾಕುತ್ತಿದ್ದ. ನನ್ನ ಬಲಗೈ ನೋಡಿ ನಿಲ್ಲಿಸಿದ. ಬೆರಳ ತುದಿಗಳಲ್ಲಿ ಕೆಂಪು ಬಣ್ಣ.

“ಯಾರ್ಗೂ ಏಳಾಕಿಲ್ಲ ಬುಡಿ ಸಾ,” ಅಂದ, ಮೆಲ್ಲಗೆ.

ಈಗಲೂ ಹಾಸನಕ್ಕೆ ಬಂದಾಗಲೆಲ್ಲ ನಮ್ಮ ಮನೆಗೆ ಎಳನೀರು ಹೊತ್ತು ತರುತ್ತಾನೆ, ಆ ಬಾವಿಯ ನೀರು ಕುಡಿದ ಮರದ್ದು. ನಾನಲ್ಲ ಕಣಪ್ಪ ಎಂದರೆ ನಗುತ್ತಾನೆ. ನಾನೇ ಎನ್ನೋಣವೆಂದರೆ ನೆನಪಿಲ್ಲ. ಯಾರನ್ನೂ ನಂಬದ ನನಗೆ ಈಗ ನನ್ನ ಮೇಲೂ ನಂಬಿಕೆಯಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಬಲಗೈ ಒಮ್ಮೆ ತಿರುಗಿಸಿ ನೋಡಿಕೊಳ್ಳುತ್ತೇನೆ.