ಹೊದಿಕೆ ತೆಗೆಯದ ನಲವತ್ತು ನಿಮಿಷ

ಉಕ್ಕಿನ ಬಗ್ಗೆ ಸಂಜೆ ತರಗತಿಯಲ್ಲಿ ಕಲಿತಷ್ಟೇ ಗೊತ್ತಿರುವವರು ಇದನ್ನು ಹೇಳಹೊರಟಿದ್ದಕ್ಕೆ ಬಲ್ಲವರು ಮನ್ನಿಸಬೇಕು. ತಪ್ಪಿದ್ದರೆ ಅದು ಬರೆದವರದು, ಬೆಸುಗೆಯಕ್ಕನದಲ್ಲ.

ಬೆಳಗಿನ ಐದೂವರೆ. ಬೆಸುಗೆಯಕ್ಕ ರೈಲು ದಾರಿಯ ಜಲ್ಲಿಯ ಮೇಲೆ ಗೋಣಿ ಹಾಸಿ ಮಂಡಿಯೂರಿದ್ದಾರೆ. ಸವೆದ ಹಳಿಯ ನೆತ್ತಿಗೆ ಗ್ಯಾಸಿನ ಜ್ವಾಲೆ ಆಡಿಸಿ, ಶಾಖದ ಬಳಪದಿಂದ ಗೆರೆ ಎಳೆಯುತ್ತಾರೆ. ಗೆರೆ ಕರಗಿದರೆ ಮುನ್ನೂರೈವತ್ತು ಡಿಗ್ರಿ. ಆಮೇಲೆಯೇ ಬೆಸುಗೆ. ಅದು ಮುಗಿದೊಡನೆ ದಪ್ಪ ಹೊದಿಕೆ ಮುಚ್ಚಿ, ಮೆಲ್ಲಗೆ ತಣಿಯಲೆಂದು ನಲವತ್ತು ನಿಮಿಷ ಪಕ್ಕದಲ್ಲೇ ಕೂರುತ್ತಾರೆ. ದಿನಕ್ಕೆ ಮೂರು ಜಾಗ, ಇಪ್ಪತ್ತೆರಡು ವರ್ಷ.

ಹಳಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಅದೇ ಅದರ ಬಲ, ಬೆಸುಗೆಗೆ ಅದೇ ತೊಡಕು. ಬೇಗ ತಣಿದರೆ ಬೆಸುಗೆಯ ಅಂಚು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಹನ್ನೆರಡು ವರ್ಷದ ಹಿಂದೆ, ಚಳಿಗಾಳಿಯಲ್ಲಿ, ರೈಲು ಕಾಯುತ್ತಿದೆಯೆಂದು ಅಕ್ಕ ಹೊದಿಕೆಯನ್ನು ಬೇಗ ಕಿತ್ತರು. ಮೂರನೇ ದಿನ ಹಳಿ ನೋಡುವ ಅಜ್ಜನ ಕಣ್ಣಿಗೆ ಕೂದಲೆಳೆಯಂಥ ಬಿರುಕು ಬಿತ್ತು. ಅನಾಹುತವೇನೂ ಆಗಲಿಲ್ಲ.

“ಆಗ್ಲಿಲ್ಲ ಅಂತ ನಿದ್ದೆ ಬರುತ್ತಾ?” ಎನ್ನುತ್ತಾರೆ ಅಕ್ಕ.

ಇಂದೂ ಮೊದಲ ರೈಲು ಸಿಗ್ನಲ್‌ನಲ್ಲಿ ನಿಂತಿದೆ. ಮೇಲ್ವಿಚಾರಕ ಗಡಿಯಾರ ನೋಡುತ್ತ ಬಂದು ಹೊದಿಕೆಯತ್ತ ಕೈ ತೋರುತ್ತಾನೆ.

“ಅಕ್ಕಾ, ಇನ್ನೆಷ್ಟು ಹೊತ್ತು ಮಗು ಮಲಗಿಸ್ತೀರಿ?”

“ತಾನಾಗೇ ಏಳ್ಲಿ ಮಾರಾಯ. ತಟ್ಟಿ ಎಬ್ಬಿಸಿದ್ರೆ ಮಾಡೋ ರಂಪ ನೀನೂ ನೋಡಿದ್ದೀಯ.”

ಅಷ್ಟರಲ್ಲಿ ಅಕ್ಕನ ಫೋನು. ಅದೇ ರೈಲಿನಲ್ಲಿ ಕೂತ ಅತ್ತೆ.

“ನಿನ್ನ ಕೆಲಸಕ್ಕೇ ನಿಂತಿದೆಯಂತೆ ಕಣೇ! ಕಣ್ಣಿನ ಆಪರೇಷನ್‌ಗೆ ಎರಡು ತಿಂಗಳು ಕಾದು ಸಿಕ್ಕ ಸರದಿ!”

ಅಕ್ಕನ ಕೈ ಹೊದಿಕೆಯ ಅಂಚಿಗೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ.

“ನೀವು ಕೂತಿರೋ ರೈಲು ಅತ್ತೆ. ಹೇಗೆ ಬಿಡ್ಲಿ?”

“ಸರಿ, ನೆಟ್ಟಗೆ ಮಾಡು. ಮನೆಗೆ ಬಾ, ವಿಚಾರಿಸ್ಕೋತೀನಿ.”

ಪೂರಾ ನಲವತ್ತು ನಿಮಿಷ ಕಳೆದ ಮೇಲೆ ಹೊದಿಕೆ ಏಳುತ್ತದೆ. ಉಜ್ಜಿ ನುಣುಪು ಮಾಡಿದ ಹಳಿಯ ಮೇಲೆ ರೈಲು ಮೆಲ್ಲಗೆ ದಾಟುತ್ತದೆ. ಒಂದು ಕಿಟಕಿಯಿಂದ ಅತ್ತೆಯ ಕೈ ಬೀಸುತ್ತದೆ. ಬೈಗುಳವೋ ಹರಕೆಯೋ, ದೂರಕ್ಕೆ ತಿಳಿಯುವುದಿಲ್ಲ. ಆಸ್ಪತ್ರೆಯ ಸರದಿ ತಪ್ಪುತ್ತದೆ. ಮುಂದಿನದಕ್ಕೆ ಇನ್ನೂ ಮೂರು ವಾರ.

“ಅತ್ತೆಗೆ ಕಣ್ಣು ಸರಿಯಾದ್ಮೇಲೆ ಈ ಜಾಗಕ್ಕೆ ಕರ್ಕೊಂಡು ಬರ್ಬೇಕು,” ಎನ್ನುತ್ತಾರೆ ಅಕ್ಕ. “ಬೆಸುಗೆ ಎಲ್ಲಿದೆ ಅಂತ ಅವರು ಹುಡುಕ್ಬೇಕು. ಸಿಗಬಾರದು.”

ಇಂದು ಹೊದಿಕೆಯನ್ನು ಬೇಗ ತೆಗೆದಿದ್ದರೆ ಹಳಿ ಬಿರಿಯುತ್ತಿತ್ತೇ? ಏನೂ ಆಗದೆಯೂ ಇರಬಹುದಿತ್ತು. ಬರೆದವರಿಗೆ ಗೊತ್ತಿಲ್ಲ. ಕೇಳಿದರೆ, ತನಗೂ ಗೊತ್ತಿಲ್ಲ ಎನ್ನುತ್ತಾರೆ ಬೆಸುಗೆಯಕ್ಕ.